ಎದುರುಬದುರು ಕೂರಿಸಿದ ಭಾನುವಾರ

೧೯೯೩ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ಫೇಲಾಗಿ ಬಿಟ್ಟವನಲ್ಲ; ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ ಇದ್ದರು. ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿ ಮನೆಯಲ್ಲಿ ಕೂತರು, ನಾನು ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿದೆ, ಅಷ್ಟೆ. ಓದು ಬಿಟ್ಟವನೆಂದರೆ ಬೀದಿ ಸುತ್ತುವವನು ಎಂದುಕೊಳ್ಳುವವರು ಬಹಳ ಜನ ಇರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ. ನಾನು ಬೀದಿ ಸುತ್ತಲಿಲ್ಲ. ಭದ್ರಾವತಿಯ ಹೋಟೆಲಿನಲ್ಲಿ ಲೋಟ ತೊಳೆದೆ, ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದೆ, ವಯಸ್ಸು ತುಂಬಿದ ಮೇಲೆ ಶಿವಮೊಗ್ಗದ ದಾರಿಯಲ್ಲಿರುವ ಒಂದು ಫೌಂಡ್ರಿಗೆ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ. ಒಂದು ದಿನವೂ ತಡವಾಗಿ ಹೋದವನಲ್ಲ.

ಸೇರಿಸಿದ್ದು ಭಾವ, ನನ್ನ ಅಕ್ಕನ ಗಂಡ. ಕೆಲಸ ಕೊಡಿಸಿದರು ಎನ್ನುವುದಕ್ಕಿಂತ ಹೆಜ್ಜೆ ಕಲಿಸಿದರು ಎನ್ನಬೇಕು. ಕರಗಿದ ಕಬ್ಬಿಣವನ್ನು ಫರ್ನೇಸಿನಿಂದ ಮರಳಿನ ಅಚ್ಚಿನವರೆಗೆ ಹೊರುವ ಬಾನಿಗೆ ನಾವು ಲ್ಯಾಡಲ್ ಎನ್ನುತ್ತೇವೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದನ್ನು ಕ್ರೇನ್ ಎತ್ತುತ್ತದೆ. ನಮ್ಮಲ್ಲಿ ಸಣ್ಣ ಅಚ್ಚುಗಳಿಗೆ ಈಗಲೂ ಇಬ್ಬರು ಮನುಷ್ಯರೇ ಬೇಕು. ಉದ್ದನೆಯ ಸಲಾಕೆಯ ನಡುವೆ ಬಾನಿ, ಮುಂದೊಬ್ಬ, ಹಿಂದೊಬ್ಬ. ಬಗ್ಗಿಸಿ ಸುರಿಯುವ ಹಿಡಿ ಹಿಂದಿನವನ ಕೈಯಲ್ಲಿ. ಮುಂದಿನವನು ದಾರಿ ನೋಡಬೇಕು, ತಿರುಗುವ ಹಾಗಿಲ್ಲ. ಅವನು ತಿರುಗಿದರೆ ಭುಜ ತಿರುಗುತ್ತದೆ, ಭುಜದ ಜೊತೆ ಸಲಾಕೆ, ಸಲಾಕೆಯ ಜೊತೆ ಬೆಂಕಿ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಮುಂದೆ, ಭಾವ ಹಿಂದೆ. ನಮ್ಮ ಲ್ಯಾಡಲಿನಿಂದ ಒಂದು ಹನಿ ನೆಲಕ್ಕೆ ಬಿದ್ದರೆ ಫೋರ್‌ಮನ್ ಬಂದು ನೋಡಿಹೋಗುತ್ತಿದ್ದ, ಅಷ್ಟು ಅಪರೂಪ.

ಆಮೇಲೆ ಮಾತು ಬಿಟ್ಟೆವು. ಅಕ್ಕನ ಮಗಳು ದೊಡ್ಡವಳಾದಾಗ ಆರತಿ ಇಟ್ಟುಕೊಂಡರು. ಸೋದರಮಾವನ ಸೀರೆ ಉಟ್ಟ ಮೇಲೆಯೇ ಹುಡುಗಿಗೆ ಆರತಿ ಎತ್ತುವುದು ಪದ್ಧತಿ. ಅವಳಿಗೆ ಇರುವ ಒಬ್ಬನೇ ಸೋದರಮಾವ ನಾನು. ಕರೆಯಲು ಮನೆಗೆ ಯಾರೂ ಬರಲಿಲ್ಲ. ಮೊಬೈಲಿಗೆ ಒಂದು ಕಾರ್ಡಿನ ಫೋಟೋ ಬಂತು, ಊರಿಗೆಲ್ಲ ಕಳಿಸಿದ್ದೇ ನನಗೂ. ಕುಂಕುಮ ಕೊಟ್ಟು ಕರೆಯದ ಕಾರ್ಯಕ್ಕೆ ಹೇಗೆ ಹೋಗಲಿ? ಹೋಗಲಿಲ್ಲ. ಹುಡುಗಿ ಮಣೆಯ ಮೇಲೆ ಮಧ್ಯಾಹ್ನದವರೆಗೆ ಕಾದಳಂತೆ. ಕೊನೆಗೆ ಯಾರೋ ದೂರದ ನೆಂಟನ ಕೈಯಲ್ಲಿ ಸೀರೆ ಕೊಡಿಸಿದರಂತೆ. ನಾನು ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಅಕ್ಕನ ಫೋನೂ ನಿಂತಿತು.

ಕೆಲಸ ಮಾತ್ರ ನಿಲ್ಲಲಿಲ್ಲ. ಕೆಲವು ವಾರ ಇಬ್ಬರೂ ಗಂಟಲು ಕಟ್ಟಿದವರ ಹಾಗೆ ಲ್ಯಾಡಲ್ ಹೊತ್ತೆವು. ಆಮೇಲೆ ಒಂದು ದಿನ ಫರ್ನೇಸಿನ ಮುಂದೆ ಸರದಿಗೆ ಕಾಯುವಾಗ ಭಾವ ಖಾಲಿ ಲ್ಯಾಡಲಿಗೆ ಹೇಳಿದರು, "ಲ್ಯಾಡಲಪ್ಪಾ, ಇವತ್ತು ಎಡಗಡೆ ಸಾಲಿಂದ ಶುರು ಮಾಡಿದ್ರೆ ಒಳ್ಳೇದು."

ನಾನೂ ಲ್ಯಾಡಲಿಗೇ ಹೇಳಿದೆ, "ಹಾಗೇ ಆಗ್ಲಿ ಲ್ಯಾಡಲಪ್ಪಾ."

ಹೀಗೆ ಶುರುವಾದದ್ದು ಆರು ವರ್ಷ ನಡೆಯಿತು. ನಿಧಾನವಾಗಿ ಮನೆಯ ಸುದ್ದಿಯೂ ಲ್ಯಾಡಲಿಗೆ ಬಂತು. "ಮನೇಲಿ ಮಂಡಿನೋವು ಅಂತಿದಾಳೆ ಲ್ಯಾಡಲಪ್ಪಾ, ಮೆಟ್ಟಿಲು ಹತ್ತೋಕಾಗಲ್ಲ." "ಬಿಸಿ ಎಣ್ಣೆ ತಿಕ್ಕೊಳ್ಳೋಕೆ ಹೇಳ್ಬೇಕಿತ್ತು ಲ್ಯಾಡಲಪ್ಪಾ, ನಮ್ಮಮ್ಮನಿಗೂ ಹಾಗೇ ಇತ್ತು." ಫರ್ನೇಸ್ ನೋಡಿಕೊಳ್ಳುವ ತಮಿಳು ಮಾತಾಡುವ ಮುದುಕನಿಗೆ ಇದೊಂದು ತಮಾಷೆ. "ಇನ್ನೊಂದು ವರ್ಷ ಹೋಗ್ಲಿ ಪಾ, ಲ್ಯಾಡಲ್ಲೇ ಎದ್ದು ಕೈಮುಗಿಯುತ್ತೆ, ಸಾಕು ಬಿಡ್ರೋ ಸಾಮಿ ಅಂತ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಾವೂ ನಗುತ್ತಿದ್ದೆವು, ಬೇರೆ ಬೇರೆ ಕಡೆ ನೋಡುತ್ತಾ. ಅಕ್ಕ ಬದುಕಿದ್ದಾಳೆ, ಹೀಗಿದ್ದಾಳೆ ಎಂದು ನನಗೆ ತಿಳಿಯುತ್ತಿದ್ದದ್ದು ಆ ಒಂದೇ ದಾರಿಯಲ್ಲಿ.

ಎರಡು ವರ್ಷದ ಹಿಂದೆ ಕಂಪನಿಗೆ ಹೊಸ ಮ್ಯಾನೇಜರ್ ಬಂದರು. ಕೆಲಸಗಾರರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಅದಕ್ಕೇ ಟೀಮ್ ಆಗುತ್ತಿಲ್ಲ ಎಂದು ಅವರಿಗೆ ಅನ್ನಿಸಿತು. ಒಂದು ಭಾನುವಾರ ಹೊಳಲೂರಿನ ಕಡೆ ಹೊಳೆದಂಡೆಯ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತೇವೆ, ಬೆಂಗಳೂರಿನಿಂದ ಟ್ರೈನರ್ ಬರುತ್ತಾರೆ, ಎಲ್ಲರೂ ಬರಲೇಬೇಕು ಎಂದರು.

ಆ ಬೆಳಿಗ್ಗೆ ನನ್ನ ಹೆಂಡತಿ ತಿಂಡಿ ಹಾಕುತ್ತಾ, "ಅತ್ತಿಗೆಗೆ ಮಂಡಿ ಆಪರೇಷನ್ ಅಂತೆ ರೀ, ಮಾರ್ಕೆಟಲ್ಲಿ ಹೇಳ್ತಿದ್ರು. ಇವತ್ತು ಕೆಲಸ ಇಲ್ಲ, ಲ್ಯಾಡಲ್ ಇಲ್ಲ. ನೀವೇ ಬಾಯ್ಬಿಟ್ಟು ಕೇಳಿ. ಬಾಯಿ ಸವೆದುಹೋಗಲ್ಲ," ಎಂದಳು. ನಾನು ಕೈತೊಳೆದು ಎದ್ದೆ. ಆದರೆ ಬಸ್ಸಿನಲ್ಲಿ ಕೂತಾಗ ನಿಶ್ಚಯ ಮಾಡಿದೆ. ಇವತ್ತು ಕೇಳುತ್ತೇನೆ. ಭಾವ, ಅಕ್ಕ ಹೇಗಿದಾಳೆ? ಇಷ್ಟೇ. ದಾರಿಯುದ್ದಕ್ಕೂ ಒಳಗೊಳಗೇ ಹೇಳಿಕೊಂಡೆ.

ಟ್ರೈನರ್ ಮೂವತ್ತರ ಆಸುಪಾಸಿನ ಮನುಷ್ಯ, ಟೀ ಶರ್ಟು, ಕೊರಳಲ್ಲಿ ಸೀಟಿ. ಒಳ್ಳೆಯವನೇ. ಬಲೂನ್ ಒಡೆಸಿದ, ಹಗ್ಗ ಎಳೆಸಿದ. ಕಣ್ಣುಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದಿನವರು ಹಿಡಿಯಬೇಕು ಎಂದಾಗ ಫರ್ನೇಸಿನ ಮುದುಕ, "ಸಾಮಿ, ನಮ್ಮ ವಯಸ್ಸಲ್ಲಿ ಬಿದ್ರೆ ಆಸ್ಪತ್ರೆಯೋರೇ ಹಿಡ್ಕೋಬೇಕು," ಎಂದ. ನಮ್ಮ ಸರದಿ ಬಂದಾಗ ನಾನು ಬಿದ್ದೆ, ಭಾವ ಹಿಡಿದರು. ಯೋಚನೆಯನ್ನೇ ಮಾಡದೆ ಬಿದ್ದೆ. "ನೋಡಿ, ಟ್ರಸ್ಟ್ ಅಂದ್ರೆ ಇದು!" ಎಂದು ಟ್ರೈನರ್ ಸೀಟಿ ಊದಿದ.

ಊಟವಾದ ಮೇಲೆ ಒಳಗೆ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಜೊತೆಯಲ್ಲಿ ಕೆಲಸ ಮಾಡುವ ಇಬ್ಬಿಬ್ಬರನ್ನು ಮಂಡಿಗೆ ಮಂಡಿ ತಾಗುವ ಹಾಗೆ ಕೂರಿಸಿದರು.

"ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತೆ," ಎಂದ ಟ್ರೈನರ್. "ಎದುರಿಗಿರೋರಿಗೆ ಇದುವರೆಗೂ ಹೇಳದೇ ಇರೋ ಒಂದು ಮಾತು ಹೇಳ್ಬೇಕು. ಓಪನ್ ಅಪ್ ಆಗಿ. ಹೇಳಿದ ತಕ್ಷಣ ಎಲ್ಲರೂ ಚಪ್ಪಾಳೆ."

ಮೈಕು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು. ಒಬ್ಬ, "ನಿನ್ನ ಡಬ್ಬಿಯಿಂದ ಮೊಟ್ಟೆ ಕದ್ದು ತಿಂತಿದ್ದೋನು ನಾನೇ ಕಣೋ," ಎಂದ. "ಗೊತ್ತಿತ್ತು ಬಿಡೋ, ಅದಕ್ಕೇ ಕೊಳೆತಿದ್ದನ್ನ ಮೇಲಿಡ್ತಿದ್ದೆ," ಎಂದ ಅವನ ಜೊತೆಗಾರ. ನಗು, ಚಪ್ಪಾಳೆ. ಹಾಗೇ ನಮ್ಮವರೆಗೆ ಬಂತು. ನಾನು ಕೈಚಾಚಿದ್ದೆ, ಟ್ರೈನರ್ ಹಿರಿಯರಿಗೆ ಮೊದಲು ಎಂದು ಭಾವನಿಗೆ ಕೊಟ್ಟ.

ಭಾವ ಮೈಕನ್ನು ಸ್ವಲ್ಪ ಹೊತ್ತು ನೋಡಿದರು. "ನಿಜಾನೇ ಹೇಳ್ಬೇಕಾ ಸಾರ್?"

"ನಿಜಾನೇ ಹೇಳಿ ಸಾರ್. ಹಗುರ ಆಗ್ತೀರ."

ಆರು ವರ್ಷದ ಮೇಲೆ ಭಾವ ನನ್ನ ಮುಖ ನೋಡಿ ಮಾತಾಡಿದರು. "ಮಗಳ ಆರತಿ ಆದ ಮಾರನೇ ದಿನ ಕಣೋ. ಫಸ್ಟ್ ಶಿಫ್ಟು. ಲ್ಯಾಡಲ್ ತುಂಬಿತ್ತು. ನೀನು ಮುಂದೆ ಹೋಗ್ತಿದ್ದೆ, ಏನೂ ಆಗೇ ಇಲ್ಲ ಅನ್ನೋ ಹಾಗೆ. ನನ್ನ ಮಗಳು ರಾತ್ರಿ ಎಲ್ಲಾ ಅತ್ತಿದ್ಳು. ನಿನ್ನ ಬೆನ್ನು ನೋಡ್ತಾ ನೋಡ್ತಾ ಅನ್ನಿಸ್ತು, ಹಿಡಿ ಬಿಟ್ಟುಬಿಡೋಣ ಅಂತ. ಕೈ ಸಡಿಲಾನೂ ಮಾಡ್ದೆ. ನನ್ನ ಕಾಲೂ ಹೋಗ್ತಿತ್ತು. ಹೋದ್ರೆ ಹೋಗ್ಲಿ, ಇವನದೂ ಹೋಗುತ್ತಲ್ಲ ಅನ್ನಿಸ್ತು. ಅಷ್ಟೊತ್ತಿಗೆ ಅಚ್ಚು ಬಂತು, ಸುರಿದೆ." ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಆಮೇಲೆ ಯಾವತ್ತೂ ಅನ್ನಿಸಿಲ್ಲ. ಸಾಯೋವಾಗ ಇದು ಬಾಯಲ್ಲಿ ಉಳೀಬಾರದು ಅಂತ ಹೇಳ್ದೆ. ತಪ್ಪಾಯ್ತು."

ಆಮೇಲೆ ಟ್ರೈನರ್ ಒಬ್ಬನೇ ಚಪ್ಪಾಳೆ ಶುರುಮಾಡಿದ. ಹೇಳಿಕೊಟ್ಟಿದ್ದನ್ನು ಮಾಡಬೇಕಲ್ಲ, ಎಲ್ಲರೂ ತಟ್ಟಿದರು. ಮುಂದೆ ಕೂತವರ ಮೊಬೈಲುಗಳು ಮೇಲೆದ್ದಿದ್ದವು. ನನ್ನ ಕಾಲು ಸುಡಬೇಕೆಂದುಕೊಂಡದ್ದಕ್ಕೆ ನಮ್ಮ ಫೌಂಡ್ರಿಯವರೆಲ್ಲ ಸೇರಿ ಚಪ್ಪಾಳೆ ತಟ್ಟಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಈಗ ನೀವು ಹೇಳಿ ಸಾರ್." ಮೈಕು ನನ್ನ ಕೈಗೆ ಬಂತು. ಬೆಳಿಗ್ಗೆಯಿಂದ ಸಿದ್ಧವಾಗಿದ್ದ ಮಾತು ಗಂಟಲಿನಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ.

"ನಂದೇನೂ ಇಲ್ಲ ಸಾರ್."

ಅಪ್ಪಿಕೊಳ್ಳಿ ಎಂದರು. ಅಪ್ಪಿಕೊಂಡೆವು. ಭಾವನ ಅಂಗಿ ಬೆನ್ನಿಗೆ ಒದ್ದೆಯಾಗಿ ಅಂಟಿತ್ತು.

ಮಾರನೇ ದಿನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. "ಅವರ ಜೊತೆ ಕೆಲಸ ಮಾಡೋಕೆ ನಿಮಗೇನಾದ್ರೂ ಭಯ ಇದೆಯಾ? ಇದ್ರೆ ಹೇಳಿ, ನಾವು ಆಕ್ಷನ್ ತಗೋಬೇಕಾಗುತ್ತೆ."

"ಅಲ್ಲಿ ಆಡಿದ್ದು ಅಲ್ಲೇ ಉಳಿಯುತ್ತೆ ಅಂದಿದ್ರಲ್ಲ ಸಾರ್?"

"ಅದು ಸರಿನೇ. ಸೇಫ್ಟಿ ವಿಷಯ ಬೇರೆ."

"ಭಯ ಏನಿಲ್ಲ," ಎಂದೆ. ಭಾವನನ್ನು ಕಳಿಸಿಬಿಡುತ್ತಾರೆ ಎಂದು ಹೇಳಿದ ಸುಳ್ಳಲ್ಲ. ನಿಜವಾಗಿಯೂ ಇಲ್ಲ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹೆದರಲು ಕಾರಣವೇ ಇಲ್ಲ. ಅವರಿಗೆ ಹಾಗನ್ನಿಸಿದ್ದು ಒಂದು ದಿನ. ಅದಾದ ಮೇಲೆ ಆರು ವರ್ಷ ಅದೇ ಕೈ, ಅದೇ ಹಿಡಿ, ಅದೇ ಬೆನ್ನು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ? ನನಗೆ ಗೊತ್ತಾಗಿದೆ, ಅಷ್ಟೇ ತಾನೆ.

ಲ್ಯಾಡಲ್ ತುಂಬಿಸಿಕೊಂಡು ಹೊರಟೆವು. ಅವತ್ತು ಲ್ಯಾಡಲಿಗೆ ಯಾರೂ ಏನೂ ಹೇಳಲಿಲ್ಲ. ಅರ್ಧ ದಾರಿಯಲ್ಲಿ ಹಿಂದಿನ ಹೆಜ್ಜೆ ಒಂಚೂರು ತಡವಾದ ಹಾಗೆ ಕೇಳಿಸಿತು. ತಡವಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕತ್ತು ತಾನಾಗೇ ತಿರುಗಿತು. ಸಲಾಕೆ ವಾಲಿತು, ಬಾನಿಯ ಅಂಚಿನಿಂದ ಕಬ್ಬಿಣ ನೆಲಕ್ಕೆ ಬಿದ್ದು ಪಟಪಟನೆ ಸಿಡಿಯಿತು. ಭಾವ ಎರಡೂ ಕೈಯಲ್ಲಿ ಒತ್ತಿಹಿಡಿದು ಲ್ಯಾಡಲನ್ನು ಮರಳಿನ ಮೇಲೆ ಇಳಿಸಿದರು. ನನ್ನ ಪ್ಯಾಂಟಿನ ಅಂಚು ಸುಟ್ಟದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

"ನೀನು ತಿರುಗಿ ನೋಡ್ದೆ," ಎಂದರು ಭಾವ.

"ಇಲ್ಲ."

"ನೋಡ್ದೆ ಮಾರಾಯ. ಇಷ್ಟು ವರ್ಷದಲ್ಲಿ ಒಂದ್ಸಲನೂ ನೋಡಿರ್ಲಿಲ್ಲ."

ನಾನು ಪ್ಯಾಂಟಿನ ಸುಟ್ಟ ಅಂಚನ್ನು ಕೊಡವಿದೆ.

"ನಿಂದೇನು ತಪ್ಪಿಲ್ಲ ಬಿಡು. ನಾನಾಗಿದ್ರೂ ನೋಡ್ತಿದ್ದೆ," ಎಂದು ಕೈಗವಸು ಕಳಚಿ ಸಲಾಕೆಯ ಮೇಲಿಟ್ಟರು.

ಫೋರ್‌ಮನ್ ನನ್ನನ್ನು ಎರಕದ ಅಂಚು ಉಜ್ಜುವ ಗ್ರೈಂಡಿಂಗಿಗೆ ಹಾಕಿದ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಷೀನು, ಯಾರ ಹೆಜ್ಜೆಯ ಹಂಗೂ ಇಲ್ಲ. ಭಾವನ ಮುಂದೆ ನಿಲ್ಲಲು ಬೇರೆ ಜನ ಹುಡುಕಿದರೆ ಯಾರೂ ಒಪ್ಪಲಿಲ್ಲ. "ಅಣ್ಣ ಒಳ್ಳೆಯೋರೇ, ಆದ್ರೂ ನಂಗೆ ಬೇಡಪ್ಪ, ಅವರಿಗೆ ಯಾವಾಗ ಏನನ್ನಿಸುತ್ತೋ," ಎಂದನಂತೆ ಒಬ್ಬ. ಚಪ್ಪಾಳೆ ತಟ್ಟಿದವರಲ್ಲಿ ಅವನೂ ಇದ್ದ. ಕೆಲವು ತಿಂಗಳು ಭಾವನನ್ನು ಮರಳು ಜರಡಿ ಹಿಡಿಯಲು ಹಾಕಿದರು. ಅಷ್ಟು ಚೆನ್ನಾಗಿ ಸುರಿಯುವ ಕೈ. ಕೊನೆಗೆ ಅವರೇ ಬಿಟ್ಟರು. ಈಗ ಸೋಗಾನೆಯ ಕಡೆ ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದಾರಂತೆ.

ಅಕ್ಕನ ಆಪರೇಷನ್ ಆದದ್ದು ನನಗೆ ಬಸ್ಸಿನಲ್ಲಿ ಗೊತ್ತಾಯಿತು, ಅವಳ ಪಕ್ಕದ ಮನೆಯಾಕೆಯಿಂದ. ಆಗ ನಾನೇ ಫೋನ್ ಮಾಡಿದೆ. ನನ್ನಂಥವನು ತಾನಾಗೇ ಫೋನ್ ಮಾಡುವುದೆಂದರೆ ಸಣ್ಣ ಮಾತಲ್ಲ. ಎತ್ತಿದಳು.

"ಅಕ್ಕ, ಹೇಗಿದೀಯ?"

"ಇದೀನಿ ಕಣೋ. ಕೋಲು ಹಿಡ್ಕೊಂಡು ಓಡಾಡ್ತೀನಿ." ಕೋಲನ್ನು ಗೋಡೆಗೆ ಒರಗಿಸಿದ ಸದ್ದು. "ಆ ವಿಡಿಯೋ ನಂಗೂ ಬಂತು. ಅವರು ಅಂದಿದ್ದು ನಿಜಾನಾ?"

"ಅವರೇ ಹೇಳಿದ್ದಲ್ವಾ."

"ಆರು ವರ್ಷ ಪಕ್ಕದಲ್ಲಿ ಮಲಗಿದೀನಿ, ನಂಗೆ ಹೇಳಿಲ್ಲ. ಮೈಕಲ್ಲಿ ಹೇಳಿದಾರೆ."

"ನಾಳೆ ಬರ್ತೀನಿ ಅಕ್ಕ, ನೋಡ್ಕೊಂಡು ಹೋಗ್ತೀನಿ."

"ಬೇಡ ಕಣೋ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಮುಖ ನೋಡಿದ್ರೆ ಅವರು ಉಳಿಯಲ್ಲ. ಈಗ್ಲೇ ಊಟ ಸೇರ್ತಿಲ್ಲ. ಬರಬೇಡ."

ಆಗಲಿ ಎಂದೆ. ಕರೆಯದೇ ಇದ್ದಾಗ ಹೋಗದೆ ಉಳಿದಿದ್ದೆ. ಬರಬೇಡ ಎಂದ ಮೇಲೆ ಹೇಗೆ ಹೋಗಲಿ?

ಕಂಪನಿಯವರು ಆ ಕಾರ್ಯಕ್ರಮವನ್ನು ಪ್ರತಿ ವರ್ಷ ಮಾಡುತ್ತಾರೆ. ಆಫೀಸಿನ ಗೋಡೆಗೆ ಹಾಕಿರುವ ಫೋಟೋಗಳಲ್ಲಿ ನಾವು ಅಪ್ಪಿಕೊಂಡದ್ದೂ ಇದೆ. ಚೆನ್ನಾಗಿ ಬಂದಿದೆ.

ಇವತ್ತು ನನಗಿರುವುದು ಇಷ್ಟು: ಭದ್ರಾವತಿಯಲ್ಲಿ ಎರಡು ಕೋಣೆಯ ಸ್ವಂತ ಮನೆ, ಹೆಂಡತಿ, ಡಿಪ್ಲೊಮಾ ಓದುತ್ತಿರುವ ಮಗ, ಒಂದು ಬೈಕು, ಗ್ರೈಂಡಿಂಗಿನಲ್ಲಿ ಒಂದು ಮಷೀನು, ಅದೇ ಊರಿನಲ್ಲಿ ಒಬ್ಬಳು ಅಕ್ಕ.