ಒಗೆಯಬೇಡಿ ಎನ್ನುವ ಮುನಿಯಕ್ಕ

ಬೆಳಗಿನ ಆರು ಗಂಟೆ. ಎನ್.ಆರ್. ಕಾಲೋನಿಯ ಹೊಂಗೆ ಮರದ ಕೆಳಗೆ ಮುನಿಯಕ್ಕ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ಅದಕ್ಕೆ ಕೈ ಮುಗಿಯುತ್ತಾರೆ. ಹೆಣ್ಣುಮಕ್ಕಳ ಗುರುತು ಹೊರಬೀಳಬಾರದೆಂದು ಇಲ್ಲಿಯ ಹೆಸರುಗಳನ್ನು ಬದಲಿಸಿದೆ.

ಇಸ್ತ್ರಿ ಗಾಡಿಯ ಮುಂದೆ ರುದ್ರಾಣಿ ಬಂದು ನಿಂತಿದ್ದಾರೆ. ಕೈಯಲ್ಲಿ ಮಗಳ ಹಸಿರು ಚೂಡಿದಾರ್. ಅತ್ಯಾಚಾರದ ಮೊಕದ್ದಮೆಯಲ್ಲಿ ಆ ಹುಡುಗಿ ಇವತ್ತು ಸಾಕ್ಷಿ ಹೇಳಬೇಕು.

"ನೀವೂ ಕೋರ್ಟಿಗೆ ಬನ್ನಿ ಅಕ್ಕ. ನೀವಿದ್ರೆ ಅವ್ಳಿಗೆ ಧೈರ್ಯ."

"ಎಂಬತ್ತು ಬಟ್ಟೆ ಬಿದ್ದಿದೆ. ನಿಮ್ಗೇನು, ಲಾಯರ್ ಇದಾರಲ್ಲ."

ಬಟ್ಟೆ ಬರೀ ನೆಪ.

ಒಂಬತ್ತು ವರ್ಷದ ಹಿಂದೆ ಮುನಿಯಕ್ಕನ ಮಗಳು ಇಸ್ತ್ರಿ ಬಟ್ಟೆ ಕೊಡಲು ಹೋದ ಮನೆಯಲ್ಲಿ, ಆ ಮನೆಯ ಯಜಮಾನನೇ ಅವಳ ಮೇಲೆ ಅತ್ಯಾಚಾರ ಮಾಡಿದ. "ಮೊದ್ಲು ತಲೆಗೆ ನೀರು ಹಾಕು" ಎಂದರು ಮುನಿಯಕ್ಕನ ಅತ್ತೆ. ಮುನಿಯಕ್ಕ ಮಗಳಿಗೆ ಸ್ನಾನ ಮಾಡಿಸಿದರು, ಉಟ್ಟ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ಒಗೆದರು. ಕೊಳೆ ಬಟ್ಟೆಯನ್ನು ಠಾಣೆಗೆ ಒಯ್ಯುವುದು ಹೇಗೆಂದು ಇಸ್ತ್ರಿಯನ್ನೂ ಮಾಡಿದರು.

"ಪೊಲೀಸ್ನೋರು ಬಿಚ್ಚಿ ನೋಡಿ ನಕ್ರು. 'ಎಷ್ಟ್ ಚೆನ್ನಾಗ್ ಒಗ್ದಿದೀಯಮ್ಮ! ಸಾಕ್ಷಿ ಎಲ್ಲಿ? ಅವ್ರು ದೊಡ್ಡವ್ರು. ನಿನ್ ಮಗಳಿಗೆ ಮದ್ವೆ ಆಗೋದ್ ಬೇಡ್ವಾ?' ಅಂದ್ರು," ಎನ್ನುತ್ತಾರೆ ಮುನಿಯಕ್ಕ.

ಬಟ್ಟೆ ಇರಲಿ ಬಿಡಲಿ, ದೂರು ಬರೆದುಕೊಳ್ಳಲೇಬೇಕೆಂದು ಯಾರೂ ಹೇಳಲಿಲ್ಲ. ಆ ಮನುಷ್ಯ ಈಗಲೂ ಇದೇ ಬೀದಿಯಲ್ಲಿ ವಾಕಿಂಗ್ ಹೋಗುತ್ತಾನೆ. ಜನ ನಮಸ್ಕಾರ ಹೇಳುತ್ತಾರೆ. ಮಗಳನ್ನು ಕಂಡರೆ ಪಿಸುಗುಡುತ್ತಾರೆ.

ಅಂದಿನಿಂದ ಬಟ್ಟೆ ತರುವ ಹೆಂಗಸರಿಗೆಲ್ಲ ಮುನಿಯಕ್ಕನದು ಒಂದೇ ಮಾತು: "ಅಂಥದ್ದೇನಾದ್ರೂ ಆದ್ರೆ ಒಗೀಬೇಡಿ, ಸ್ನಾನ ಮಾಡಿಸ್ಬೇಡಿ. ಬಟ್ಟೆ ಪೇಪರ್‌ನಲ್ಲಿ ಸುತ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ." ಬೆಳಬೆಳಗ್ಗೆ ಇದೆಂಥ ಅಪಶಕುನ ಎಂದು ಮೂರು ಮನೆಯವರು ಬಟ್ಟೆ ಕೊಡುವುದನ್ನೇ ಬಿಟ್ಟರು. ಐದು ಜನ ತಾಯಂದಿರು ಮಾತ್ರ ಹುಡುಕಿಕೊಂಡು ಬಂದರು. ಐವರ ಜೊತೆಗೂ ಮುನಿಯಕ್ಕ ಠಾಣೆಯ ಬೆಂಚಿನ ಮೇಲೆ ಕೂತಿದ್ದಾರೆ. ನ್ಯಾಯಾಲಯ ಮುಟ್ಟಿದ್ದು ರುದ್ರಾಣಿಯ ಮಗಳ ದೂರೊಂದೇ.

ಆ ರುದ್ರಾಣಿಗೇ ಈಗ ಹೇಳಿಬಿಡುತ್ತಾರೆ: "ದೇವ್ರು ನೋಡ್ತಾನೆ, ಸುಳ್ಳ್ಯಾಕೆ? ಹೊಟ್ಟೆ ಉರಿಯುತ್ತೆ ಕಣೇ. ನಿನ್ ಮಗಳನ್ನ ಜಡ್ಜ್ ಕೇಳ್ತಾರೆ. ನನ್ ಕೂಸನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ. ನಾನ್ ಕಲ್ತಿದ್ದು ನಿಂಗ್ ದಕ್ತು, ನಂಗ್ ದಕ್ಲಿಲ್ಲ."

ರುದ್ರಾಣಿ ತಲೆ ತಗ್ಗಿಸುತ್ತಾರೆ. "ನನ್ ಮಗ್ಳೂ ಅದೇ ಅಂದ್ಲು ಅಕ್ಕ. 'ಮುನಿಯಕ್ಕನ ಮಗಳ ಕೇಸ್ ಮೊದ್ಲು ನಡೀಬೇಕಿತ್ತು' ಅಂತ."

ಮುನಿಯಕ್ಕ ಚೂಡಿದಾರ್ ಹರಡಿ, ನೀರು ಚಿಮುಕಿಸಿ, ಒಂದೊಂದೇ ಮಡಿಕೆ ಹಿಡಿದು ಇಸ್ತ್ರಿ ಮಾಡುತ್ತಾರೆ. ಆಮೇಲೆ ಎಂಬತ್ತು ಬಟ್ಟೆಯ ಮೇಲೆ ಚಾದರ ಹೊದಿಸಿ ಚಪ್ಪಲಿ ಮೆಟ್ಟುತ್ತಾರೆ.

"ನಡಿ, ಬರ್ತೀನಿ. ಗೆದ್ದಿದ್ ದಿನ ನಂಗೆ ಸ್ವೀಟ್ ತರ್ಬೇಡ, ಗಂಟಲಲ್ಲಿ ಇಳಿಯಲ್ಲ. ಆದ್ರೆ ಮಗಳಿಗೆ ಜಡ್ಜ್ ಮುಂದೆ ನೆಟ್ಟಗೆ ನಿಂತ್ಕೊಳಕ್ಕೆ ಹೇಳು. ನಾನು ಮಾಡಿದ್ ಇಸ್ತ್ರಿ, ಸಾಯಂಕಾಲದವರೆಗೂ ಮುದುರಲ್ಲ."