ಕಣದ ಆಚೆಯ ಶ್ರುತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಯುವ ಮೊದಲು ನನ್ನ ಅಕ್ಕ ನನ್ನಿಂದ ಕೇಳಿದ್ದು ಒಂದೇ ಒಂದು: ಬೆಳಿಗ್ಗೆ ಅರ್ಧ ಗಂಟೆ ಶ್ರುತಿ ಹಿಡಿಯಬೇಕು ಅಂತ. ಒಂದು ತಿಂಗಳು ಹಿಡಿದೆ, ಆಮೇಲೆ ಬಿಟ್ಟೆ. ಬಿಡುವುದಕ್ಕೆ ಒಂದು ಸುಳ್ಳನ್ನೂ ಹೇಳಿದೆ.

ದೆವ್ವದ ಮಾತು ಬಂದರೆ ನಗುತ್ತಿದ್ದವನು ನಾನು. ತೋಟದ ಕೂಲಿಯವರ ಲೈನಿನಲ್ಲಿ, ಅವರ ಸಾಲುಮನೆಗಳಲ್ಲಿ, ಯಾರಾದರೂ ಹೆಂಗಸು ಏನೋ ಕಂಡೆ ಎಂದು ಕೆಲಸಕ್ಕೆ ಬಾರದೆ ಕೂತರೆ ಬೈದು ಎಬ್ಬಿಸುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಹೆಚ್ಚು ಓದಿದವರು ನಾನೀಗ ಹೇಳುವುದಕ್ಕೆ ಏನಾದರೂ ಕಾರಣ ಹೇಳಿದರೆ ಕೇಳಿಕೊಳ್ಳುತ್ತೇನೆ.

ನಮ್ಮವರು ಶನಿವಾರಸಂತೆ ಕಡೆಯವರು. ಅಪ್ಪ ಸಿದ್ದಾಪುರದ ಹತ್ತಿರ ಒಬ್ಬ ಇಂಗ್ಲಿಷ್ ದೊರೆಯ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರು ತೀರಿಕೊಂಡ ಮೇಲೆ ದೊರೆ ನನಗೆ ಕಾಫಿ ಒಣಗಿಸುವ ಕಣ ನೋಡಿಕೊಳ್ಳುವ ಕೆಲಸ ಕೊಟ್ಟರು. ಅಕ್ಕ ಪಾರ್ವತಿ ಚಿಕ್ಕಂದಿನಲ್ಲಿ ವಿರಾಜಪೇಟೆಯ ಸೋದರತ್ತೆಯ ಮನೆಯಲ್ಲಿದ್ದು, ಅಲ್ಲಿದ್ದ ಒಬ್ಬ ಮುದಿ ಪಿಟೀಲು ಮೇಷ್ಟ್ರ ಹತ್ತಿರ ಆರು ವರ್ಷ ಸಂಗೀತ ಕಲಿತಳು. ಅವಳ ಮದುವೆಗೆ ಮೇಷ್ಟ್ರು ತಮ್ಮ ಶ್ರುತಿಪೆಟ್ಟಿಗೆಯನ್ನೇ ಕೊಟ್ಟರು. ಮೂರು ವರ್ಷದ ಮೇಲೆ ಗಂಡನ ಮನೆಯವರು ಅವಳನ್ನೂ ಪೆಟ್ಟಿಗೆಯನ್ನೂ ಒಂದೇ ಗಾಡಿಯಲ್ಲಿ ವಾಪಸು ಕಳಿಸಿದರು. ಅವಳಿಗೆ ಕ್ಷಯ ಹಿಡಿದಿತ್ತು.

ನನ್ನ ಮನೆಯಲ್ಲಿ ಎಳೆಗೂಸಿತ್ತು. ಅಕ್ಕನನ್ನು ಬೇರೆ ಇರಿಸಿ ಎಂದು ಡಾಕ್ಟರು ಹೇಳಿದರು. ಕಣದ ಆಚೆ ಬದಿಗೆ ಹುಲ್ಲಿನ ಗುಡಿಸಲು ಹಾಕಿಸಿದೆ. ಕಣದ ಕೆಲಸದ ಕೆಂಪಮ್ಮ ಎನ್ನುವ ಮುದುಕಿ ಊಟ ಒಯ್ಯುತ್ತಿದ್ದಳು. ಪೆಟ್ಟಿಗೆಯನ್ನೂ ಕಳಿಸಲು ಹೋದರೆ ಅಕ್ಕ ಒಪ್ಪಲಿಲ್ಲ. ಕಣದ ನಡುವೆ ನಿಂತು ಮಾತಾಡಿದ ದಿನ ಅವಳು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ.

"ಪೆಟ್ಟಿಗೆ ನನ್ನ ಹತ್ರ ಬೇಡ ಕಣೋ. ನಾನು ಮುಟ್ಟಿದ್ದನ್ನೆಲ್ಲ ನಾಳೆ ಸುಡ್ತೀರ. ನೀನು ಆ ಗೋದಾಮಿನ ಜಗಲಿ ಮೇಲೇ ಕೂತು ಒತ್ತು, ನನಗೆ ಕೇಳುತ್ತೆ. ಈ ಹಾಡು ಯಾರೋ ಕೇಳ್ಲಿ ಅಂತ ಹಾಡೋದಲ್ಲ. ನನ್ನ ಮನಸ್ಸಿಗೆ ನಾನೇ ಹೇಳ್ಕೊಳ್ಳೋದು. ಆದ್ರೆ ಶ್ರುತಿ ಇನ್ನೊಬ್ರು ಹಿಡೀಬೇಕು. ಇಲ್ಲಾಂದ್ರೆ ನಾನು ಎಲ್ಲಿದೀನಿ ಅಂತ ನನಗೇ ತಿಳಿಯಲ್ಲ."

ಕಣದ ಈಚೆಗಿದ್ದ ಗೋದಾಮಿನ ಜಗಲಿಗೂ ಗುಡಿಸಲಿಗೂ ಮೂವತ್ತು ಹೆಜ್ಜೆ. ಕಾಫಿ ಹಣ್ಣು ಕೊಯ್ಯುವ ಕಾಲ, ಬೆಳಗಿನ ಮಂಜಿನಲ್ಲಿ ಗುಡಿಸಲು ಕಾಣುತ್ತಿರಲಿಲ್ಲ. ನಾನು ಕೂತು ತಿದಿ ಒತ್ತುತ್ತಿದ್ದೆ. ಆ ಪೆಟ್ಟಿಗೆಗೆ ಒಂದು ದೋಷವಿತ್ತು. ಮೇಲಿನ ಸ್ವರ ಚೂರು ತಡವಾಗಿ, ಗಂಟಲು ಸರಿಮಾಡಿಕೊಂಡ ಹಾಗೆ ಗೊರಗುಟ್ಟಿ ಸೇರಿಕೊಳ್ಳುತ್ತಿತ್ತು. ಅದು ಸೇರಿದ ಮೇಲೆ ಆ ಕಡೆಯಿಂದ ಅಕ್ಕನ ದನಿ ಬರುತ್ತಿತ್ತು. ಒಂದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆ ರೀತಿ ಹಾಡುತ್ತಿದ್ದಳು. ಮನಸ್ಸೇ, ನೀನು ಮಾಡಿದ್ದೇನು ಎಂದು ಕೇಳುವ ಧಾಟಿಯ ಹಾಡುಗಳು. ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕೇಳುತ್ತ ಕೂತ ನನಗೆ ಮೈ ಮುದುಡುತ್ತಿತ್ತು.

ಕೊಯ್ಲಿನ ಹೆಂಗಸರು ತಮಾಷೆ ಶುರುಮಾಡಿದರು. "ಕಣದಯ್ಯ ಬೆಳಗ್ಗೆದ್ದು ಎಮ್ಮೆ ಕರೀತಾರೆ, ಒಂದ್ ತೊಟ್ಟು ಹಾಲೂ ಕಾಣೆ." ನಾನು ಶ್ರುತಿ ಬಿಟ್ಟದ್ದು ಅದಕ್ಕಲ್ಲ, ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ಒಂದು ಬೆಳಿಗ್ಗೆ ತಿದಿ ಒತ್ತುವಾಗ ನನಗೆ ಕೆಮ್ಮು ಬಂತು. ಬರೀ ಚಳಿಯ ಕೆಮ್ಮು. ಆದರೂ ಅವಳ ಉಸಿರು ಮಂಜಿನ ಜೊತೆ ಕಣ ದಾಟಿ ಬಂದು ಈ ಪೆಟ್ಟಿಗೆಯೊಳಗೆ ಹೋಗಿ, ಅಲ್ಲಿಂದ ನನ್ನ ಮುಖಕ್ಕೆ ಬೀಸುತ್ತಿದೆ ಅನ್ನಿಸಿಬಿಟ್ಟಿತು. ಅವತ್ತೇ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟೆ. ತಿದಿಯ ಮೂರನೇ ಮಡಿಕೆಯಲ್ಲಿ ಚರ್ಮ ಸೀಳಿದೆ, ಇನ್ನು ನುಡಿಯುವುದಿಲ್ಲ ಎಂದು ಕೆಂಪಮ್ಮನ ಕೈಲಿ ಹೇಳಿ ಕಳಿಸಿದೆ. ಎಷ್ಟನೇ ಮಡಿಕೆ ಎಂದು ಯಾರೂ ಕೇಳಿರಲಿಲ್ಲ. ಸುಳ್ಳು ಗಟ್ಟಿಯಾಗಿರಲಿ ಎಂದು ನಾನೇ ಸೇರಿಸಿದ್ದು.

ಅಕ್ಕ ಶ್ರುತಿಯಿಲ್ಲದೆಯೇ ಹಾಡಿದಳು. ನನಗೆ ಸಂಗೀತ ಬಾರದು. ಆದರೆ ತಿಂಗಳೆಲ್ಲ ಒಂದೇ ನಾದ ಕೇಳಿದ ಕಿವಿಗೆ ಅವಳು ದಿನದಿನಕ್ಕೂ ಕೆಳಗೆ ಇಳಿಯುತ್ತಿದ್ದದ್ದು ಗೊತ್ತಾಗುತ್ತಿತ್ತು, ಕತ್ತಲಲ್ಲಿ ಮೆಟ್ಟಿಲು ತಡವಿ ಇಳಿಯುವವರ ಹಾಗೆ. ಒಂಬತ್ತನೆಯ ದಿನ ಸಾಲಿನ ನಡುವೆ ನಿಲ್ಲಿಸಿದಳು. ಆಮೇಲೆ ಹಾಡಲಿಲ್ಲ. ಪೆಟ್ಟಿಗೆ ರಿಪೇರಿ ಆಯ್ತಂತಾ ಎಂದು ಕೆಂಪಮ್ಮನನ್ನು ದಿನಾ ಕೇಳುತ್ತಿದ್ದಳಂತೆ. ಕೊಯ್ಲು ಮುಗಿಯುವ ಮೊದಲೇ ಹೋದಳು. ಗುಡಿಸಲಿಗೆ ನಾನೇ ಬೆಂಕಿ ಇಟ್ಟೆ. ಮರುವರ್ಷ ಆ ಜಾಗದಲ್ಲಿ ಕಾಫಿ ಸಸಿಯ ಪಾತಿ ಮಾಡಿಸಿದೆ.

ಇದಾಗಿ ನಾಲ್ಕು ವರ್ಷಕ್ಕೆ, ಅದೇ ಕೊಯ್ಲಿನ ಕಾಲದಲ್ಲಿ ಒಂದು ಬೆಳಿಗ್ಗೆ, ಮಂಜು ಏಳಲಿ, ರಾಶಿಗೆ ಹೊದಿಸಿದ ಚಾಪೆ ತೆಗೆಸೋಣ ಎಂದು ಜಗಲಿಯ ಮೇಲೆ ಕೂತಿದ್ದೆ. ಕಣದ ಆಚೆಯಿಂದ ಶ್ರುತಿ ಕೇಳಿಸಿತು. ಮೊದಲು ಕೆಳಗಿನ ಸ್ವರ. ಆಮೇಲೆ ಚೂರು ತಡವಾಗಿ, ಗೊರಗುಟ್ಟಿ, ಮೇಲಿನದು ಸೇರಿಕೊಂಡಿತು.

ಎದ್ದು ಆ ಕಡೆಗೆ ನಡೆದೆ. ಮೂವತ್ತು ಹೆಜ್ಜೆಯನ್ನೂ ಎಣಿಸಿದೆ. ನಾದ ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ. ಪಾತಿಯ ಅಂಚಿಗೆ ಬಂದು ನಿಂತೆ. ಆ ವರ್ಷದ ಗೇಣುದ್ದದ ಸಸಿಗಳ ಮೇಲೆ ಇಬ್ಬನಿ, ಮತ್ತೇನೂ ಇಲ್ಲ. ಶ್ರುತಿ ಮಾತ್ರ ಒಂದೇ ಸಮನೆ ಹಿಡಿದೇ ಇತ್ತು. ಶ್ರುತಿ ಹಿಡಿದವರು ಹಾಡುವವರಿಗಾಗಿ ಕಾಯುತ್ತಾರೆ. ನಾನೂ ಹಾಗೆ ಕಾದವನು, ಅದರ ರೀತಿ ನನಗೆ ಗೊತ್ತು. ಅಲ್ಲಿ ಯಾರೋ ನನಗಾಗಿ ಕಾಯುತ್ತಿದ್ದರು. ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಮುಗಿದ ಹಾಗೆ ನಾದ ಕುಗ್ಗಿ ನಿಂತಿತು.

ಓಡಿಹೋಗಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಮೇಲಿನ ಧೂಳಿನಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ತಿದಿ ಬಿಡಿಸಿ ನೋಡಿದರೆ ಮೂರನೇ ಮಡಿಕೆಯಲ್ಲಿ ಚರ್ಮ ಉದ್ದಕ್ಕೆ ಸೀಳಿತ್ತು. ಇಲಿ ಕಡಿದಿರಬಹುದು. ಇಲಿಗೆ ಒಂದನೆಯದು, ಮೂರನೆಯದು ಎಂದು ಏನಿದೆ? ಒತ್ತಿ ನೋಡಿದೆ, ಬರೀ ಗಾಳಿ ಬುಸ್ಸೆಂದಿತು.

ನನ್ನ ಕಿವಿಯದೇ ಭ್ರಮೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಕೆಂಪಮ್ಮ ಕಾಫಿ ಹರವಲು ಬಂದವಳು ಕುಕ್ಕೆ ಇಳಿಸುವ ಮೊದಲೇ ಕೇಳಿದಳು, "ಏನ್ ಬುದ್ಧಿ, ಪೆಟ್ಗೆ ಸರಿ ಮಾಡ್ಸಿದ್ರಾ? ಬೆಳಗ್ಗೆ ಲೈನಿಗೇ ಕೇಳಿಸ್ತಿತ್ತು." ಕುಕ್ಕೆ ಇಳಿಸಿ, "ಆವಾಗ್ಲೇ ಮಾಡ್ಸಿದ್ರೆ ಆಗೋದು," ಅಂದಳು.

ಆಮೇಲೆ ಎಷ್ಟೋ ವರ್ಷ ಕಳೆದವು. ಕೆಂಪಮ್ಮನೂ ಇಲ್ಲ. ಪ್ರತಿ ಕೊಯ್ಲಿನ ಕಾಲದಲ್ಲೂ ಜಗಲಿಯ ಮೇಲೆ ಕೂತಿದ್ದೇನೆ, ಆ ನಾದ ಮತ್ತೆ ಬರಲಿಲ್ಲ. ಅದು ಏನು, ಹೇಗೆ ಎಂದು ನನಗೆ ಇವತ್ತಿಗೂ ತಿಳಿಯದು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೆಂಡತಿಯ ಹತ್ತಿರ ಕೂಡ.

ಈ ವರ್ಷ ನನಗೂ ಏದುಸಿರು ಶುರುವಾಗಿದೆ. ಮೊನ್ನೆ ಬೆಳಿಗ್ಗೆ ಮಂಜು ಇನ್ನೂ ಎದ್ದಿರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಶ್ರುತಿ ಬರುತ್ತದೇನೋ ಎಂದು ಬಹಳ ಹೊತ್ತು ಕಾದೆ. ಬರಲಿಲ್ಲ. ಅವಳೂ ಶ್ರುತಿಯಿಲ್ಲದೆ ಒಂಬತ್ತು ದಿನ ಹಾಡಿದ್ದಳಲ್ಲ ಎನ್ನಿಸಿತು. ಕಣದ ಆಚೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ಅವತ್ತು ಪೆಟ್ಟಿಗೆ ಕೆಟ್ಟಿರ್ಲಿಲ್ಲ. ಸುಳ್ಳು ಹೇಳ್ದೆ. ನನಗೆ ನಿನ್ನ ಕಂಡ್ರೆ ಹೆದರಿಕೆಯಾಗಿತ್ತು. ತಪ್ಪಾಯ್ತು ಕಣಕ್ಕಾ."