ಹಿಂದಿನ ಸೀಟಿನ ಎಡಮೂಲೆ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಗಾಳಿ ಎಂದೇ ಕರೆಯುತ್ತಿದ್ದರು. ಎಷ್ಟೇ ವೇಗವಾಗಿ ತಿರುಗಿಸಿದರೂ ಅವನ ಕಾರು ವಾಲುತ್ತಿರಲಿಲ್ಲ. ಎಡಬಲದ ಚಕ್ರಗಳನ್ನು ಅಡ್ಡಲಾಗಿ ಜೋಡಿಸುವ ಉಕ್ಕಿನ ಸರಳಿಗೆ ಸ್ವೇ ಬಾರ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಅದೇ. ಅವನು ಕಂಪನಿಯದನ್ನು ಬಿಚ್ಚಿಸಿ ಇನ್ನೂ ದಪ್ಪನೆಯದನ್ನು ಹಾಕಿಸಿದ್ದ. ವಾಲದ ಕಾರಿನಲ್ಲಿ ಕೂತವರಿಗೂ ಸುಖ ಎಂಬುದು ಅವನ ಲೆಕ್ಕ.

ಅದಕ್ಕೇ, ಬೆನ್ನುಮೂಳೆಯ ಆಪರೇಷನ್ ಆದ ಅಕ್ಕನನ್ನು ಆಸ್ಪತ್ರೆಯ ವ್ಯಾಯಾಮಕ್ಕೆ ಕರೆದೊಯ್ಯುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಅಕ್ಕ ಈಗಷ್ಟೇ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಿದ್ದಳು. ವ್ಯಾಯಾಮ ನಿಂತರೆ ಕಾಲಿಗೆ ಬಲ ಬರುವುದು ಕಷ್ಟ ಎಂದು ವೈದ್ಯೆ ಹೇಳಿದ್ದರು.

ಒಂದು ಬೆಳಿಗ್ಗೆ ಅವಳು ಮಂಚ ಬಿಟ್ಟು ಏಳಲಿಲ್ಲ.

"ನಾನಿನ್ನು ಬರಲ್ಲ ಕಣೋ. ಅಲ್ಲಿ ಅವರು ಸರಿ ಮಾಡಿದ್ದನ್ನ ದಾರೀಲಿ ನೀನು ಕೆಡಿಸ್ತೀಯ."

"ನನ್ನ ಗಾಡೀಲಿ ತುಂಬಿದ ಲೋಟ ಇಟ್ರೂ ತುಳುಕಲ್ಲ ಅಕ್ಕಾ."

"ಹಾಗಾದ್ರೆ ಲೋಟನೇ ಕರ್ಕೊಂಡ್ಹೋಗು."

ಅವನು ನೇರ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ಟೈರಿನ ಗಾಳಿ ಎಲ್ಲ ನೋಡಿದ. ಯಾವುದೂ ಕೆಟ್ಟಿರಲಿಲ್ಲ.

"ಅಕ್ಕ ಎಲ್ಲಿ ಕೂರ್ತಾರೆ?"

"ಹಿಂದೆ, ಎಡಗಡೆ."

"ನೀನು ಅಲ್ಲಿ ಕೂತಿದ್ದೀಯಾ?"

"ನನ್ನ ಗಾಡೀಲಿ ನಾನ್ಯಾಕೆ ಹಿಂದೆ ಕೂರ್ಲಿ?"

"ಕೀ ಕೊಡು."

ಆಸ್ಪತ್ರೆ ರಸ್ತೆಯ ಎಡ ಅಂಚು ಉದ್ದಕ್ಕೂ ಕಿತ್ತುಹೋಗಿತ್ತು. ಎಡಚಕ್ರ ಗುಂಡಿಗೆ ಇಳಿದಾಗಲೆಲ್ಲ ಕಾರು ಅಡ್ಡಡ್ಡ ಕುಲುಕಿತು. ಹಿಂದೆ ಎಡಗಡೆ ಕೂತಿದ್ದ ಗಾಳಿಯ ತಲೆ ಕಿಟಕಿಯ ಗಾಜಿಗೆ ತಾಗಿತು. ಆದರೆ ಹಂಪ್ ಬಂದಾಗ ಕಾರು ಮೆತ್ತಗೆ ಎದ್ದು ಮೆತ್ತಗೆ ಇಳಿಯಿತು.

ಮೆಕ್ಯಾನಿಕ್ ಬದಿಗೆ ನಿಲ್ಲಿಸಿ ಹಿಂದಿರುಗಿ ನೋಡಿದ. "ಹಂಪಲ್ಲಿ ಎರಡು ಚಕ್ರನೂ ಒಟ್ಟಿಗೆ ಹತ್ತುತ್ತೆ, ಸ್ವೇ ಬಾರಿಗೆ ಕೆಲಸ ಇಲ್ಲ. ಒಂದೇ ಚಕ್ರ ಗುಂಡಿಗೆ ಇಳಿದ್ರೆ ಬಾರು ತಿರುಚಿಕೊಂಡು ಆಚೆ ಕಡೇದನ್ನೂ ಎಳೆಯುತ್ತೆ. ದಪ್ಪ ಇದ್ದಷ್ಟೂ ಎಳೆತ ಜಾಸ್ತಿ."

"ನನಗ್ಯಾಕೆ ಇಷ್ಟು ದಿನ ಗೊತ್ತಾಗ್ಲಿಲ್ಲ?"

"ಸ್ಟೀರಿಂಗ್ ಹಿಡಿದೋನಿಗೆ ಗುಂಡಿ ಮೊದಲೇ ಕಾಣುತ್ತೆ, ಮೈ ಬಿಗಿ ಹಿಡೀತಾನೆ. ಹಿಂದೆ ಕೂತೋರಿಗೆ ಬಿದ್ದಮೇಲೇ ಗೊತ್ತು."

"ಹಳೇದು ಹಾಕಿದ್ರೆ ತಿರುವಲ್ಲಿ ವಾಲುತ್ತಲ್ಲ?"

"ವಾಲುತ್ತೆ. ಅದಕ್ಕೇ ಬ್ರೇಕ್ ಅಂತ ಒಂದು ಕೊಟ್ಟಿದ್ದಾರೆ."

ಅಂದು ಸಂಜೆಯೊಳಗೆ ಹಳೆಯ ಬಾರು ಕಾರಿನಡಿ ಮತ್ತೆ ಕೂತಿತು. ಮರುದಿನ "ಇದೊಂದು ಸಲ" ಎಂದು ಗೋಗರೆದು ಅಕ್ಕನನ್ನು ಹತ್ತಿಸಿದ. ಅವಳು ಬೆನ್ನಿಗೆ ದಿಂಬಿಟ್ಟುಕೊಂಡು, ಹಲ್ಲು ಕಚ್ಚಿ ಕೂತಳು. ಕಿತ್ತ ರಸ್ತೆಯಲ್ಲಿ ಚಕ್ರ ಗುಂಡಿಗೆ ಇಳಿಯಿತು, ಎದ್ದಿತು. ಅವಳ ಮುಖ ಸ್ವಲ್ಪ ಸಡಿಲವಾದದ್ದು ಕನ್ನಡಿಯಲ್ಲಿ ಕಂಡಿತು. ತಿರುವಿನಲ್ಲಿ ಅವನು ವೇಗ ತಗ್ಗಿಸಿದ. ಕಾರು ತುಸು ವಾಲಿತು. ಸ್ಟ್ಯಾಂಡಿನ ಗೆಳೆಯನೊಬ್ಬ ಪಕ್ಕದಲ್ಲೇ ದಾಟುತ್ತ, "ಏನ್ ಗಾಳಿ, ಪಂಚರಾ?" ಎಂದು ಕೇಳಿ ಹೋದ. ಇವನು ಮತ್ತೆ ಕನ್ನಡಿ ನೋಡಿದ.

"ನೋವಾಯ್ತಾ ಅಕ್ಕಾ?"

"ಮುಂದೆ ನೋಡಿ ಓಡಿಸು."

ಆಸ್ಪತ್ರೆಯಲ್ಲಿ ಅವನು ಇಳಿದು ಕಾರು ಸುತ್ತಿ ಬರುವಷ್ಟರಲ್ಲಿ ಅಕ್ಕ ತಾನೇ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿದ್ದಳು.

"ನಾಳಿದ್ದು ಇನ್ನೂ ಬೇಗ ಹೊರಡೋಣ," ಅಂದಳು, ಅವನ ಭುಜ ಹಿಡಿಯುತ್ತ. "ನೀನು ಹೀಗೆ ಆಮೆ ಥರ ಓಡಿಸಿದ್ರೆ ಹೊತ್ತಿಗೆ ಮುಟ್ಟಬೇಕಲ್ಲ."